ಐದನೆಯ ಪುಟ

ಸ್ಟೋರ್ನೊವೇ ಬಂದರಿನೆದುರು ಮರ್ಡೊನ ಆಫೀಸು.
ಕಿಟಕಿಯ ಗಾಜಿನ ಮೇಲೆ ಉಪ್ಪು ಕಟ್ಟಿದೆ;
ಊರಿಗೆಲ್ಲ ವಿಮೆ ಮಾರುವವನು
ತನ್ನ ಕಿಟಕಿ ಒರೆಸಿದ್ದನ್ನು ಯಾರೂ ನೋಡಿಲ್ಲ.
“ಎಫೀ, ಬೆಂಕಿ ಬಿದ್ದ ಮೇಲೆ ಬಾವಿ ತೋಡಬೇಡ” ಅಂದ.
ಈ ದ್ವೀಪದಲ್ಲಿ ಎಲ್ಲಿ ಸನಿಕೆ ಊರಿದರೂ ನೀರೇ, ಅಂದೆ.
ನಕ್ಕ. ನಗುತ್ತಲೇ ಏಳು ಪುಟದ ಅರ್ಜಿ ಮುಂದೆ ಸರಿಸಿದ.

ಈಗ ರಾತ್ರಿ ಹನ್ನೊಂದು. ಅಡುಗೆಮನೆಯ ಮೇಜು.
ಕ್ಯಾಮೆರಾಗಳನ್ನು ಸಾಲಾಗಿ ಮಲಗಿಸಿದ್ದೇನೆ
ಜ್ವರ ಬಂದ ಮಕ್ಕಳ ಹಾಗೆ.
ಒಂದೊಂದನ್ನೂ ಬೋರಲು ಹಾಕಿ ನಂಬರು ಓದುತ್ತೇನೆ.
ಇದಕ್ಕೆ ಎರಡು ಸಾವಿರದ ನಾನೂರು ಪೌಂಡು, ಕೊಂಡಾಗ.
ಈಗೆಷ್ಟು? ಅರ್ಜಿ ಕೇಳುತ್ತದೆ.
ಹಳತು ಹೋದರೆ ಹೊಸತು ಬೇಕೇ, ಹಳತಿನ ಬೆಲೆ ಸಾಕೇ?
ಎಂಬತ್ತೈದರ ಲೆನ್ಸು, ಅಂಚಿನಲ್ಲಿ ಕೂದಲೆಳೆಯಷ್ಟು ಗೀರು;
ಮುದುಕಿಯರ ಮುಖಕ್ಕೆ ಇಷ್ಟು ಮೆತ್ತಗೆ ಬೆಳಕು ಹಾಸುವ ಗಾಜು
ನನ್ನಲ್ಲಿ ಬೇರೆಯಿಲ್ಲ.
ಆ ಗೀರಿಗೆ ಯಾವ ಕಾಲಮ್ಮು?

ಸಣ್ಣಕ್ಷರದಲ್ಲಿ ಬರೆದಿದೆ:
ಕಾವಲಿಲ್ಲದ ವಾಹನದಿಂದ ಕಳುವಾದರೆ ಪರಿಹಾರವಿಲ್ಲ.
ನಮ್ಮ ರಸ್ತೆಯಲ್ಲಿ ವ್ಯಾನಿಗೆ ಕುರಿಗಳೇ ಕಾವಲು.
ನಷ್ಟವನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸತಕ್ಕದ್ದು.
ಶನಿವಾರ ರಾತ್ರಿ, ಮದುವೆಯ ಕುಣಿತದ ನಡುವೆ ಬಿದ್ದರೆ?
ಭಾನುವಾರ ಇಲ್ಲಿ ಒಗೆದ ಬಟ್ಟೆ ಕೂಡ ಹಗ್ಗ ಹತ್ತುವುದಿಲ್ಲ,
ಮರ್ಡೊ ಫೋನು ಎತ್ತುತ್ತಾನೆಯೇ?
ಅಂಚಿನಲ್ಲಿ ಪೆನ್ಸಿಲ್ಲಿಂದ ಬರೆದೆ: ಕೇಳು.

ಪೈಜಿಯ ಮದುವೆಯ ದಿನ ಗಾಳಿ
ಲೈಟಿನ ಸ್ಟ್ಯಾಂಡನ್ನು ಕೆಡವಿತು,
ಬ್ಯಾಗ್‌ಪೈಪ್ ಊದುತ್ತಿದ್ದವನ ಕಿವಿಯಿಂದ ಒಂದು ಗೇಣು ದೂರ.
ಅವನು ಒಂದು ಸ್ವರವನ್ನೂ ತಪ್ಪಲಿಲ್ಲ.
ನಾನು ಮಾತ್ರ ಆ ಗೇಣನ್ನು
ಮೂರು ವರ್ಷದಿಂದ ಅಳೆಯುತ್ತಲೇ ಇದ್ದೇನೆ.
ಮೂರನೆಯವರಿಗಾಗುವ ಹಾನಿ: ಹತ್ತು ಲಕ್ಷವೇ, ಐವತ್ತು ಲಕ್ಷವೇ?
ಒಂದು ಕಿವಿಗೆ ಎಷ್ಟು ಸೊನ್ನೆ?
ದೊಡ್ಡದಕ್ಕೇ ಗುರುತು ಹಾಕಿದೆ.

ಚಿತ್ರಗಳು ಕಳೆದುಹೋದಲ್ಲಿ, ಮತ್ತೆ ತೆಗೆಯುವ ಖರ್ಚು.
ಮತ್ತೆ? ಪೈಜಿಯ ಅಜ್ಜ ಅಂದು ಕೋಲೂರಿಕೊಂಡು ಬಂದಿದ್ದ,
ಮುಂದಿನ ವಾರ ಹೋಗಿಬಿಟ್ಟ.
ಯಾರನ್ನು ಕರೆದು ನಿಲ್ಲಿಸಲಿ?
ಅದಕ್ಕೇ ಎಲ್ಲದರ ಒಂದು ನಕಲು
ಅಕ್ಕನ ಮನೆಯ ಕಂಬಳಿ ಪೆಟ್ಟಿಗೆಯಲ್ಲಿ, ನುಸಿಗುಳಿಗೆಯ ಪಕ್ಕ.

ಐದನೆಯ ಪುಟವನ್ನು ಓದದೆ ಮಗುಚಲಿದ್ದೆ.
ದುಡಿಯಲಾಗದ ದಿನಗಳ ವರಮಾನ. ಐಚ್ಛಿಕ.

ಅಪ್ಪ ಹಿತ್ತಲ ಶೆಡ್ಡಿನಲ್ಲಿ ಟ್ವೀಡು ನೇಯುತ್ತಿದ್ದ.
ಮಗ್ಗಕ್ಕೆ ವಿಮೆಯಿತ್ತು: ಬೆಂಕಿಗೆ, ಬಿರುಗಾಳಿಗೆ, ಕಳ್ಳರಿಗೆ.
ಬೆಂಕಿ ಬರಲಿಲ್ಲ. ಬಿರುಗಾಳಿ ಬಂದು ತಗಡು ಅಲುಗಿಸಿ ಹೋಯಿತು.
ಮಗ್ಗ ಹೊತ್ತು ದೋಣಿ ಹತ್ತುವ ಕಳ್ಳ ಯಾವನು?
ಒಂದು ನವೆಂಬರಿನ ಬೆಳಗ್ಗೆ ಅವನ ಬಲಗೈ
ಚಹಾ ಬಟ್ಟಲಿನ ಹಿಡಿಕೆಗೆ ಮುಚ್ಚಿಕೊಳ್ಳಲಿಲ್ಲ.
ಕಡಿದ ಎಳೆಯನ್ನು ಗಂಟುಹಾಕದ ಬೆರಳು.
ಆಮೇಲೆ ಹನ್ನೊಂದು ವರ್ಷ ಮಗ್ಗ ಕ್ಷೇಮವಾಗಿತ್ತು.
ಪ್ರತಿ ಏಪ್ರಿಲ್ಲಿಗೆ ಅಮ್ಮ ಅದರ ಕಂತು ಕಟ್ಟುತ್ತಿದ್ದಳು,
ಮೀನು ಕೊಯ್ದು ತಂದ ದುಡ್ಡಿನಲ್ಲಿ.

ನನ್ನ ತೋರುಬೆರಳು ನೋಡಿಕೊಂಡೆ.
ಇಷ್ಟು ವರ್ಷ ಅದು ಒತ್ತಿದ್ದೇ ನನ್ನ ಅನ್ನ.
ಈಗಿರುವ ಕಾಯಿಲೆಗಳನ್ನು ಮರೆಮಾಚಬಾರದು, ಎಂದಿದೆ.
ಮರೆಮಾಚಲಿಲ್ಲ. ಬರೆದೆ:
ಬಲಗೈ ತೋರುಬೆರಳು, ನಡುಗೆಣ್ಣು, ಫೆಬ್ರವರಿಯಲ್ಲಿ ಊತ.
ಎರಡನೆಯ ಕ್ಯಾಮೆರಾ ಪಟ್ಟಿಯಿಂದ ಹೊಡೆದುಹಾಕಿದೆ.
ಡ್ರೋನನ್ನೂ; ಸಮುದ್ರಕ್ಕೆ ಅಷ್ಟು ಬೇಕಿದ್ದರೆ ತೆಗೆದುಕೊಳ್ಳಲಿ.
ಉಳಿದದ್ದೆಲ್ಲ ಐದನೆಯ ಪುಟಕ್ಕೆ.

ಬೆಳಗ್ಗೆ ಮರ್ಡೊ ಅರ್ಜಿ ಓದಿದ.
ನನ್ನ ಬೆರಳು ನೋಡಿದ. ಕಂತು ಎಷ್ಟೆಂದು ಹೇಳುವ ಮೊದಲು
“ಕೈಗವಸು ಹಾಕ್ಕೊ ಮಾರಾಯ್ತಿ” ಅಂದ.