ಎರಡು ಸುತ್ತು

ಸಂತೆಕಟ್ಟೆ ದಾಟಿ ಸೇತುವೆಗೆ ಇನ್ನೊಂದು ಕೂಗಳತೆ ಇರುವಾಗ
ಹಿಂದಿನ ಎಡಚಕ್ರ ಉಸ್ಸೆಂದು ಕೂತಿತು.
ಬೆಳಗಿನ ಜಾವ, ನಾಲ್ಕೂ ಕಾಲು.
ಬೆನ್ನಿಗೆ ನಲವತ್ತು ಪೆಟ್ಟಿಗೆ ಬಂಗುಡೆ,
ಅದರ ಮೇಲೆ ಮಲ್ಪೆಯ ಮಂಜುಗಡ್ಡೆಯ ಪುಡಿ,
ಅತ್ತ ಕುಂದಾಪುರದಲ್ಲಿ ಬುಟ್ಟಿ ಕವುಚಿ
ಅದರ ಮೇಲೆ ಕೂತು ಕಾಯುವ ಹೆಂಗಸರು.

ನಟ್ಟು ಐದೂ ಬಂದವು.
ನಾಲ್ಕು ಸುಮ್ಮನೆ, ಐದನೆಯದು ಕಿರುಚಿಕೊಂಡು.
ಚಕ್ರ ಬರಲಿಲ್ಲ.

ಜಾಕಿನ ಮೇಲೆ ಟೆಂಪೋ, ಗಾಳಿಯಲ್ಲಿ ಚಕ್ರ,
ಹಿಡಿದುಕೊಳ್ಳಲು ಏನೂ ಉಳಿದಿಲ್ಲ.
ಆದರೂ ಹಿಡಿದುಕೊಂಡಿದೆ.

ಹುಲಗಪ್ಪ ಒದ್ದ. ಚಪ್ಪಲಿ ಹಾರಿ ಚರಂಡಿಗೆ ಬಿತ್ತು.
ಸೀಮೆಎಣ್ಣೆ ಹೊಯ್ದೆವು. ನಾನು ಜಾಕಿನ ಸರಳಿನಿಂದ ಹೊಡೆದೆ,
ತಗಡಿಗೆ ಹೊಂಡ ಬಿತ್ತು, ಚಕ್ರಕ್ಕೆ ಕೇಳಿಸಲಿಲ್ಲ.
'ಯಣ್ಣಾ, ಇದು ಬರಂಗಿಲ್ರೀ' ಅಂದ.
'ನಮ್ಮಜ್ಜ ಬಂಡಿ ಗುಂಬಕ್ಕ ಹರಳೆಣ್ಣಿ ಹಾಕ್ತಿದ್ದ,
ನೀವೇನ್ ಹಾಕೀರಿ?'

ಏನು ಹಾಕಿದ್ದೆ?
ತೊಟ್, ಎಂದಿತು ಕತ್ತಲಲ್ಲಿ.
ಅರ್ಧ ಮಂಜು, ಅರ್ಧ ಉಪ್ಪು, ಒಂದಿಷ್ಟು ಮೀನಿನ ರಕ್ತ.
ಆರು ವರ್ಷ ಇದೇ ನೀರು
ಇದೇ ಚಕ್ರದ ಎದೆಗೆ.

ಮೊದಲು ಪೈಪಿನ ಬಾಯಿ ಹೊರಗಿತ್ತು.
ಹಿಂದೆ ಬಂದ ಸ್ಕೂಟರು ಜಾರಿ
ಪಡುಬಿದ್ರಿಯಲ್ಲಿ ಒಬ್ಬ ಮಾಸ್ತರರ ಮೊಣಕೈ ಮುರಿದು,
ಪೊಲೀಸರು ದಂಡ ಬರೆದ ಮರುದಿನ
ಅದನ್ನು ಒಳಕ್ಕೆ ತಿರುಗಿಸಿದವನು ನಾನೇ.
ರಸ್ತೆ ಒಣಗಿತು. ನಾನು ಒಳ್ಳೆಯವನಾದೆ.

ಹೂಡೆಯಿಂದ ಇದಿನಬ್ಬ ಬಂದರು, ಸ್ಕೂಟರಿನಲ್ಲಿ,
ಲುಂಗಿಯ ಮೇಲೆ ಮಗನ ಸ್ವೆಟರು.
ಹತ್ಯಾರು ತಂದಿರಲಿಲ್ಲ.
ತುಕ್ಕಿಗೆ ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸಿ ಉಗಿದರು.
'ನಟ್ಟು ಹಾಕಿ.'
ಬಿಚ್ಚಿದ್ದನ್ನಾ?
'ಹಾಕಿ ಮಾರಾಯ್ರೆ. ಬಿಗಿ ಬೇಡ,
ಎರಡು ಸುತ್ತು ಸಡಿಲ ಇರಲಿ. ಜಾಕು ಇಳಿಸಿ.'

ಇಳಿಸಿದೆ. ಇಡೀ ಬಂಗುಡೆಯ ಭಾರ
ಆ ಮೊಂಡು ಚಕ್ರದ ಮೇಲೆ ಕೂತಿತು.
'ಎತ್ತಿ ಹಿಡಿದರೆ ಅದು ಬಿಡುವುದಿಲ್ಲ,
ಭಾರ ಹೊತ್ತು ನಡೆಯುವಾಗ ಬಿಡುತ್ತದೆ.
ಹತ್ತಡಿ ಮುಂದೆ, ಬ್ರೇಕು. ಹತ್ತಡಿ ಹಿಂದೆ, ಬ್ರೇಕು.
ಹೆದರಬೇಡಿ, ನಟ್ಟು ಇದೆಯಲ್ಲ, ಓಡಿಹೋಗುವುದಿಲ್ಲ.'

ಮುಂದೆ. ಹಿಂದೆ.
ಮುಂದೆ.
ಒಂದು ಬಸ್ಸು ನಮ್ಮನ್ನು ಬೈಯುತ್ತಾ ದಾಟಿತು.
ಹಿಂದೆ.

ಕೆಂಡದೊಳಗೆ ಹಲಸಿನ ಬೀಜ ಸಿಡಿದ ಹಾಗೆ
ಟಪ್.

ಸೀಟಿನ ಕೆಳಗಿಂದ ಬೆನ್ನುಹುರಿಯವರೆಗೆ ಬಂತು ಆ ಸದ್ದು.
ಹುಲಗಪ್ಪ ಒಂಟಿ ಚಪ್ಪಲಿಯಲ್ಲಿ ಕುಣಿದ.
ಮತ್ತೆ ಜಾಕು, ಮತ್ತೆ ನಟ್ಟು. ಈ ಸಲ
ಚಕ್ರ ನಿದ್ದೆಯ ಮಗುವಿನಂತೆ ತೋಳಿಗೆ ಬಂತು.

ಒಳಗೆ ಹಬ್‌ನ ಮುಖ, ಕೆಂಪು ಹಪ್ಪಳ.
ನನ್ನದೇ ತಂತಿಬ್ರಷ್ಷಿನಿಂದ ಉಜ್ಜಿದರು,
ಬೆಳ್ಳಿಬಣ್ಣ ಕಾಣುವವರೆಗೆ.
ಗ್ರೀಸನ್ನು ಬೆರಳ ತುದಿಯಲ್ಲಿ
ಕಾಡಿಗೆಯಷ್ಟೇ ತೆಳ್ಳಗೆ ಹಚ್ಚಿದರು.
'ಬೋಲ್ಟಿಗೆ ತಾಗಬಾರದು. ಅದು ಹಿಡಿಯಬೇಕಾದದ್ದು.'

ಆಮೇಲೆ ಟಾರ್ಚು ಮೇಲೆತ್ತಿ
'ಈ ಪೈಪು ತಿರುಗಿಸಿದ್ದು ಯಾರು?'
ಹುಲಗಪ್ಪ ನನ್ನನ್ನು ನೋಡಿದ.
ನಾನು ಬಂಗುಡೆ ಪೆಟ್ಟಿಗೆಗಳನ್ನು ಎಣಿಸುತ್ತಿದ್ದೆ.

ಇನ್ನೂರು ರೂಪಾಯಿ. ಮೀನು ಬೇಡವೆಂದರು,
ಮನೆಯಲ್ಲಿ ನಿನ್ನೆಯದೇ ಇದೆಯಂತೆ.

ಕುಂದಾಪುರ ತಲುಪುವಾಗ ಆರೂ ಮುಕ್ಕಾಲು.
ಮಂಜು ಕರಗಿ ಮೀನಿನ ಕಣ್ಣು ಮಬ್ಬು.
ಗುಲಾಬಿ ಖಾರ್ವಿ ಒಂದನ್ನು ಎತ್ತಿ, ಕಿವಿರು ಬಿಡಿಸಿ,
ನನ್ನ ಮುಖವನ್ನೂ ಹಾಗೇ ನೋಡಿ
ಪೆಟ್ಟಿಗೆಗೆ ನೂರೈವತ್ತು ಇಳಿಸಿದಳು.
ಪಂಚರು, ಎಂದೆ. ಅಷ್ಟೇ ಹೇಳಿದೆ.

ಸಂಜೆ ಮಲ್ಪೆಯಲ್ಲಿ ಟೆಂಪೋ ತೊಳೆದು
ಪೈಪಿನ ಬಾಯಿ ಹಿಡಿದು ತುಂಬ ಹೊತ್ತು ಕೂತೆ.
ಹೊರಗೆ ತಿರುಗಿಸಿದರೆ ಮಾಸ್ತರರ ಮೊಣಕೈ,
ಒಳಗಾದರೆ ಇದೇ ಕತೆ.

ಕೊನೆಗೆ ಬಣ್ಣದ ಹಳೇ ಡಬ್ಬಿಯೊಂದನ್ನು
ಅದರ ಕೆಳಗೆ ತಂತಿಯಲ್ಲಿ ಕಟ್ಟಿದೆವು.
ಸಾಸ್ತಾನದಲ್ಲಿ ಒಮ್ಮೆ ನಿಲ್ಲಿಸಿ ಚೆಲ್ಲಬೇಕು.
ಚೆಲ್ಲುವ ಕೆಲಸ ಹುಲಗಪ್ಪನದು.
ಮೂರು ದಿನಕ್ಕೊಮ್ಮೆ ಮರೆಯುತ್ತಾನೆ.
ನಾನೂ ನೆನಪಿಸುವುದನ್ನು.