ಗೋಡೆಯ ದಪ್ಪ

ಮದುವೆಯೂಟದಲ್ಲಿ ಯಾರ ಎಲೆ ಯಾರ ಪಕ್ಕ ಎಂದು
ತಲೆ ಕೆಡಿಸಿಕೊಂಡವರಿಗೆ ಗೊತ್ತಿರುತ್ತದೆ ನನ್ನ ಕೆಲಸ.
ಒಂದು ನಕಾಶೆ, ಒಂದು ಪೆನ್ಸಿಲ್, ಅರ್ಧ ಸವೆದ ರಬ್ಬರು.
ವಿಯೆನ್ನಾದವರಿಗೆ ಬಾಗಿಲಿನೆದುರ ಮೂಲೆಯೇ ಆಗಬೇಕು.
ಇಸ್ತಾಂಬುಲಿನ ಇಬ್ಬರು ಹೋದ ವರ್ಷದವರೆಗೆ ಪಾಲುದಾರರು,
ಈಗ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಬಾರದು.
ಕಾಫಿ ಯಂತ್ರದ ಹತ್ತಿರ ಕೊಟ್ಟರೆ ಗದ್ದಲವೆಂದು ಮುನಿಸು,
ದೂರ ಕೊಟ್ಟರೆ ಜನವಿಲ್ಲವೆಂದು.
ಕಕ್ಕಸಿನ ಪಕ್ಕದ ಇಪ್ಪತ್ತೇಳನೇ ಮಳಿಗೆ ಯಾರಿಗೂ ಬೇಡ;
ಅದಕ್ಕೆ 'ಹೊಸ ದನಿಗಳು' ಎಂದು ಹೆಸರಿಟ್ಟು
ಪ್ರತಿವರ್ಷ ಹೊಸಬರಿಗೆ ದಾಟಿಸುತ್ತೇವೆ.

ಟಿಬಿಲಿಸಿಯ ಹಳೆಯ ರೇಷ್ಮೆ ಗಿರಣಿ ನಮ್ಮದು.
ಗೂಡು ಬೇಯಿಸುತ್ತಿದ್ದ ತೊಟ್ಟಿಗಳ ಮೇಲೆ ಹಲಗೆ ಹಾಸಿ
ಅರವತ್ತೆರಡು ಗೋಡೆ ನಿಲ್ಲಿಸುತ್ತೇವೆ, ನಾಲ್ಕು ದಿನಕ್ಕೆ.
ಲಮಾರಾ ಯಜಮಾನಿ. ಮೊದಲು ಹಲ್ಲಿನ ಡಾಕ್ಟರ ಬಳಿ
ಚೀಟಿ ಬರೆಯುತ್ತಿದ್ದಳಂತೆ.
ನೋವಿಟ್ಟುಕೊಂಡು ಕಾಯುವವರನ್ನು ಮಾತಿನಲ್ಲಿ ಕೂರಿಸುವುದು
ಅಲ್ಲೇ ಕಲಿತದ್ದು ಅನ್ನುತ್ತಾಳೆ,
ಫೋನಿನ ಆ ತುದಿಯಲ್ಲಿ ಬ್ಯಾಂಕಿನವನೊಬ್ಬ
ತನ್ನ ಲಾಂಛನ ಚಿಕ್ಕದಾಯಿತೆಂದು ಅಳುತ್ತಿರುವಾಗ.

ಮತ್ತೆ ಬೊಂದೊ.
ಅವನಿಗೆ ಕಲೆಯ ಬಗ್ಗೆ ಅಭಿಪ್ರಾಯವಿಲ್ಲ, ಮೊಳೆಗಳ ಬಗ್ಗೆ ಇದೆ.
ಮೇಳ ಮುಗಿದ ರಾತ್ರಿ ಒಂದೊಂದೇ ಕಿತ್ತು,
ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ,
ಮೇಲೊಂದು ಕೈ ಬಿಳಿ ಬಳಿದು ಮಲಗಿಸುತ್ತಾನೆ.
ಹದಿನಾಲ್ಕು ವರ್ಷ.

ಈ ಸಲ ಬುಧವಾರ, ರಾತ್ರಿ ಹನ್ನೊಂದು,
ನಲವತ್ತೊಂದನೇ ಗೋಡೆ ತೋಡಿಗೆ ಇಳಿಯಲೊಲ್ಲದು.
ನೂಕಿದೆವು. ಒದ್ದೆವು. ಲಮಾರಾ ಅದರ ಮನೆತನವನ್ನೆಲ್ಲ ಬೈದಳು.
ಬೊಂದೊ ಚಾಕು ತೆಗೆದು ಅಂಚಿನಲ್ಲೊಂದು ಚೂರು ಸೀಳಿ
ನನ್ನ ಅಂಗೈಯಲ್ಲಿಟ್ಟ.
ನೋಡು, ದಪ್ಪ ಆಗಿಬಿಟ್ಟಿದೆ.

ಬಿಳಿಯೆಂದರೆ ಬಿಳಿಯಲ್ಲ.
ಇದು ಬ್ಯಾಂಕು ಕೈಹಿಡಿದ ವರ್ಷ, ಗಟ್ಟಿ ಕೆನೆ.
ಇದು ಕೈಬಿಟ್ಟ ವರ್ಷ, ನೀರು ಬೆರೆಸಿದ್ದೆ, ಯಾರಿಗೂ ಹೇಳಬೇಡ.
ಈ ಹಳದಿ, ಲಮಾರಾಳ ಅಮ್ಮ ತೀರಿಕೊಂಡಾಗಿನದು,
ಡಬ್ಬಿ ತೆರೆದು ನೋಡುವವರೇ ಇರಲಿಲ್ಲ.
ಇದು?
ಅದು ಜಗತ್ತಿಗೆ ಬಾಗಿಲು ಹಾಕಿದ ವರ್ಷ.
ಆ ವರ್ಷ ಮೇಳವೇ ನಡೆಯಲಿಲ್ಲವಲ್ಲ, ಬೊಂದೊ.
ಹೌದು, ಎಂದ. ಕೀಲಿ ನನ್ನ ಹತ್ತಿರ ಇತ್ತು.

ಒಬ್ಬರೂ ಮಾತಾಡಲಿಲ್ಲ. ಹೊತ್ತೂ ಇರಲಿಲ್ಲ.
ತೋಡು ಸಡಿಲವಾಗಿದ್ದದ್ದು ಇಡೀ ಗಿರಣಿಯಲ್ಲಿ ಒಂದೇ ಕಡೆ:
ಇಪ್ಪತ್ತೇಳು.
ಅಲ್ಲಿಗೆ ಉರುಳಿಸಿದೆವು, ಕೂತುಕೊಂಡಿತು,
ಬಹಳ ದಿನದಿಂದ ನಿಂತಿದ್ದವರು ಕೂರುವ ಹಾಗೆ.

ಬೆಳಗಿನ ಬಸ್ಸಿನಲ್ಲಿ ಗ್ಯುಮ್ರಿಯಿಂದ ಇಬ್ಬರು ಹುಡುಗಿಯರು,
ಶೂಶಾನ್, ಹಾಸ್ಮಿಕ್. ಚಿತ್ರಗಳನ್ನು
ಕಂಬಳಿಯಲ್ಲಿ ಸುತ್ತಿ ಮಗುವಿನಂತೆ ತಂದಿದ್ದರು.
ಎರಡನೇ ಕಂತು ಕಟ್ಟಿರಲಿಲ್ಲ. ಕೇಳುವ ಮೊದಲೇ ಕೆಂಪಾದರು.
ಲಮಾರಾ ಲೆಕ್ಕದ ಪುಸ್ತಕ ತೆರೆದು, ಅವರೆದುರೇ,
'ಬಂದಿದೆ' ಎಂದು ಬರೆದು ಮುಚ್ಚಿದಳು.

ಆಮೇಲೆ ನಾಲ್ಕು ದಿನ
ಕಕ್ಕಸಿನ ಬಾಗಿಲು ದಢಾರೆಂದಾಗಲೆಲ್ಲ
ಇಪ್ಪತ್ತಾರರಲ್ಲಿ, ಇಪ್ಪತ್ತೆಂಟರಲ್ಲಿ ಚಿತ್ರಗಳು ವಾಲುತ್ತಿದ್ದವು.
ಓಡಿ ಓಡಿ ನೆಟ್ಟಗೆ ಮಾಡುತ್ತಿದ್ದರು.
ಇಪ್ಪತ್ತೇಳು ಅಲುಗಲಿಲ್ಲ.
ಏನಾದರೂ ಮಾರಿತೇ ಎಂದರೆ, ಒಂದು. ಅದೂ ಚಿಕ್ಕದು.

ಸೋಮವಾರ. ವಿಯೆನ್ನಾದವರ ದೂರು ಬಂದಿದೆ,
ಬಾಗಿಲಿನೆದುರು ಗಾಳಿ ಜಾಸ್ತಿಯಂತೆ.
ಲಮಾರಾಳ ಪುಸ್ತಕದಲ್ಲಿ ಹೊಸ ಸಾಲು:
ಹೊಸ ಗೋಡೆ, ಅರವತ್ತೆರಡು, ಮುಂದೆ ಪ್ರಶ್ನಾರ್ಥಕ ಚಿಹ್ನೆ.
ಬೊಂದೊ ಅದನ್ನು ಓದಿದ್ದಾನೆ.
ಏನೂ ಅನ್ನದೆ ಡಬ್ಬಿಯ ಮುಚ್ಚಳ ತೆಗೆದು
ಕೋಲಾಡಿಸುತ್ತಿದ್ದಾನೆ, ತಳದಿಂದ ಮೇಲಕ್ಕೆ,
ಸಾವಕಾಶ.