ಲಾಟ್ ನಂಬರ್ ಇನ್ನೂರ ಹದಿನಾಲ್ಕು

ಅರಸೀಕೆರೆ ಯಾರ್ಡಿನಲ್ಲಿ ಹಿಂದೆ
ಬೆಲೆಗೆ ಬಾಯಿ ಇರಲಿಲ್ಲ, ಬೆರಳಿತ್ತು.
ಟವೆಲ್ಲಿನಡಿ ಎರಡು ಕೈ ಸೇರಿ
ಬೆರಳು ಹಿಡಿದರೆ ಸಾವಿರ, ಗೆಣ್ಣು ಒತ್ತಿದರೆ ನೂರು,
ಅಂಗೈ ಕೆರೆದರೆ ಇನ್ನೊಂಚೂರು ನೋಡು ಅಂತ.
ಹೀಗಂತೆ. ನಾನು ಕಂಡದ್ದು ಟವೆಲ್ಲಿನ ಮೇಲ್ಭಾಗ ಮಾತ್ರ,
ಕೆಂಪು ಅಂಚು, ಒಳಗೆ ಇಲಿ ಓಡಾಡಿದ ಹಾಗೆ.
ಮಾವ ಕೈ ಹೊರತೆಗೆದು ಅಂಗಿಗೆ ಒರೆಸಿಕೊಳ್ಳುತ್ತಿದ್ದರು.
"ಎಷ್ಟಾಯ್ತು?" ಅಂದರೆ
"ಆಗೋವಷ್ಟಾಯ್ತು, ಗಾಡಿ ಹತ್ತು."

ಇಪ್ಪತ್ತೆರಡು ವರ್ಷ ನಾನು ಸುಲಿದ ಕಾಯಿಯ ಬೆಲೆ
ನನಗೆ ತಿಳಿಯುತ್ತಿದ್ದುದು ಅವರ ನಡಿಗೆಯಲ್ಲಿ.

ಈಗ ಪಹಣಿ ನನ್ನದು, ಮೊಬೈಲು ನನ್ನದು.
ಗೇಟಿನಲ್ಲಿ ಚೀಟಿ ಕೊಡುವ ಶಶಿರೇಖಾ
"ಹೊನ್ನಾಜಮ್ಮ, ಬಾಣಾವರ, ಹನ್ನೊಂದು ಚೀಲ" ಎಂದು ಒತ್ತಿದಳು.
ಯಂತ್ರ ನಾಲಗೆ ಚಾಚಿತು:
ಲಾಟ್ ನಂಬರ್ ಇನ್ನೂರ ಹದಿನಾಲ್ಕು.

ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿದ್ದ ಕಾಯಿ.
ಕೆಳಗೆ ಒಲೆ, ಮೇಲೆ ಹಂಚು,
ನಡುವೆ ತನ್ನ ಪಾಡಿಗೆ ನೀರು ಆರಿ
ತಿರುಳು ಚಿಪ್ಪಿನ ಹಿಡಿತ ಬಿಟ್ಟು
ಅಲುಗಿಸಿದರೆ ಗಡಗಡ ಅನ್ನಬೇಕು.
ಅನ್ನದ ಕಾಯಿ ತಿರುಗಿ ಅಟ್ಟಕ್ಕೆ.
ಅವಸರ ಮಾಡಿದರೆ ಕೌಟು.
ಟೆಂಡರು ಮುಗಿಯುವುದು ಎರಡು ಗಂಟೆಗೆ.

ಎರಡು ಹತ್ತಕ್ಕೆ ಮಡಿಲಲ್ಲಿ ಮೊಬೈಲು ನಡುಗಿತು.
ಇಂಗ್ಲಿಷ್ ಅಕ್ಷರ ನನಗೆ ಒಲಿದಿಲ್ಲ, ಅಂಕಿ ಒಲಿದಿದೆ.
ಒಂದು, ಏಳು, ಒಂದು, ಐದು, ಸೊನ್ನೆ,
ಸೊನ್ನೆ.

ಕ್ವಿಂಟಾಲಿಗೆ ಒಂದು ಲಕ್ಷದ ಎಪ್ಪತ್ತೊಂದು ಸಾವಿರದ ಐನೂರು!
ಮೂರು ಸಲ ಎಣಿಸಿದೆ, ಬೆರಳಿಟ್ಟು, ಬೆರಳು ತೆಗೆದು.
ಪಕ್ಕದ ಲಾಟಿನ ಮರುಳಸಿದ್ದಪ್ಪನಿಗೆ ತೋರಿಸಲಿಲ್ಲ.
ಕ್ಯಾಂಟೀನಿಗೆ ಹೋಗಿ ಎರಡು ಉದ್ದಿನವಡೆ ತಿಂದೆ,
ಒಂದನ್ನು ಹಮಾಲಿ ಗೌಸ್ ಸಾಬರಿಗೆ ಕಟ್ಟಿಸಿಕೊಂಡೆ.
ಬೋರಿಗೆ ಹೊಸ ಮೋಟರು,
ಮುಂಬಾಗಿಲಿಗೆ ತೇಗ,
ಮಾವನ ಫೋಟೋದ ಒಡೆದ ಗಾಜು.
ಆಮೇಲೆ ಏನು ಬೇಕೆಂದೇ ತೋಚಲಿಲ್ಲ.

ಎರಡೂ ಮುಕ್ಕಾಲಿಗೆ ಇನ್ನೊಂದು ನಡುಕ.
ಕಚೇರಿಯಲ್ಲಿ ಶಶಿರೇಖಾ ತಲೆ ಎತ್ತಲಿಲ್ಲ:
"ಐವತ್ತೆರಡನೇ ನಂಬರಿನ ವರ್ತಕರು, ಅವರ ಹುಡುಗ
ಸೊನ್ನೆ ಎರಡು ಸಲ ಒತ್ತಿಬಿಟ್ಟಿದ್ದಾನೆ ಕಣಮ್ಮ.
ರದ್ದಾಯ್ತು. ಹದಿನೇಳು ಸಾವಿರದ ನೂರೈವತ್ತು. ಒಪ್ಪಿಗೆನಾ?"

"ಜಾಸ್ತಿ ಒತ್ತಿದ್ರೆ ರದ್ದು ಮಾಡ್ತೀರಿ.
ಕಮ್ಮಿ ಒತ್ತಿದ ದಿನ?"

ಕೀಲಿಮಣೆಯ ಧೂಳು ಊದಿದಳು.
"ಒಪ್ಪದಿದ್ರೆ ವಾಪಸ್ ತಗೊಂಡ್ ಹೋಗಿ, ಹಕ್ಕಿದೆ."
ಆ ಹಕ್ಕಿಗೆ ಲಗೇಜ್ ಆಟೋದವನು ಆರುನೂರು ಕೇಳುತ್ತಾನೆ.

ಚೀಲದ ಮೇಲೆ ಕೂತೆ.
ಸಿಟ್ಟು ಬರಬೇಕಿತ್ತು, ಪೂರಾ ಬರಲಿಲ್ಲ.
ತಪ್ಪಾದರೂ ಅದು
ನನ್ನ ಹೆಸರಿಗೇ ಬಂದ ತಪ್ಪು;
ಮೂವತ್ತೈದು ನಿಮಿಷ ಯಾರ ನಡಿಗೆಯನ್ನೂ ಓದದೆ
ನಾನೇ ಓದಿಕೊಂಡ ಬೆಲೆ.

ಗೌಸ್ ಸಾಬರು ವಡೆ ಮುಗಿಸಿ ಕೈ ಒರೆಸಿಕೊಂಡರು.
"ಸಾಬರೇ, ಹದಿನೇಳು ಸಾವಿರದ ನೂರೈವತ್ತು,
ಟವೆಲ್ಲಿನಲ್ಲಿ ಹೆಂಗೆ ಹೇಳ್ತಿದ್ರು?"
ಅತ್ತಿತ್ತ ನೋಡಿದರು. ನನ್ನ ಕೈ ಮುಟ್ಟಲಿಲ್ಲ,
ಚೀಲದಿಂದ ಒಂದು ಗಿಟಕು ತೆಗೆದು
ಹೆಗಲ ಟವೆಲ್ಲು ಮುಚ್ಚಿ ಅದಕ್ಕೇ ಬೆರಳೊತ್ತಿ ಹೇಳಿದರು.
ಒಳಗೆ ಇಲಿ ಓಡಾಡಿತು.

"ಸೊನ್ನೆಗೆ?"

"ಸೊನ್ನೆಗೆ ಬೆರಳಿರಲಿಲ್ಲ ಕಣಮ್ಮ."

ಒಪ್ಪಿಗೆ ಒತ್ತಿದೆ.
ಆ ಗಿಟಕನ್ನು ಮಾತ್ರ ತೂಕಕ್ಕೆ ಬಿಡದೆ
ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ.